ಗುಲಾಬಿ ಕಾಯಿಕೊರಕವು ನಿರೋಧಶಕ್ತಿಗಾಗಿ ತೆರುವ ಬೆಲೆ

ಹತ್ತಿಯ ಪೈರಿಗೆ ಹಗೆಗಳಾದ ಕೀಟಗಳಲ್ಲಿ ಗುಲಾಬಿ ಕಾಯಿಕೊರಕವು ಅತಿ ಮುಖ್ಯವಾದುದೆಂಬುದನ್ನು ರಾಯಚೂರು, ಬಳ್ಳಾರಿ, ಧಾರವಾಡ, ಹಾವೇರಿ, ಮೈಸೂರು ಮುಂತಾದ ಸೀಮೆಗಳ ರೈತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಈ ಹುಳುವಿಗೆ ವಿದ್ವಾಂಸರ ಗ್ರಂಥಗಳಲ್ಲಿ ಮೊದಲು ಹೆಸರು ಬಿದ್ದುದೂ ನಮ್ಮ ದೇಶದ ಹತ್ತಿಯಿಂದಲೇ. ಗುಜರಾತಿನ ಭರೂಚ್ ಪ್ರಾಂತದಿಂದ ಬಂದ ಮಾದರಿಗಳನ್ನು ನೋಡಿ ಸಾಂಡರ್ಸ್ ಎಂಬ ಆಂಗ್ಲ ಪಂಡಿತನು 1843ರಲ್ಲಿ ಇದನ್ನು ವರ್ಣಿಸಿದನು. ಇಂಥ ಹಳೆಯ ಹಗೆಯನ್ನು ಅಡಗಿಸುವುದಕ್ಕೆ 2002ರಲ್ಲಿ ಒಂದು ವಿಷವುಳ್ಳ ಬಿ.ಟಿ. ಹತ್ತಿಯೂ, 2006ರಲ್ಲಿ ಎರಡು ವಿಷಗಳುಳ್ಳ ಬಿ.ಟಿ. ಹತ್ತಿಯೂ ನಮ್ಮ ದೇಶದಲ್ಲಿ ಸಾಗುವಳಿಗೆ ಬಂದುವು. ಕೆಲವು ವರ್ಷಗಳ ಕಾಲ ಕಾಯಿಗಳು ಹುಳುವಿಲ್ಲದೆ ಅರಳಿದುವು. ಈಗಲಾದರೋ ಬೀಜಕ್ಕೆ ಹೆಚ್ಚು ಬೆಲೆ ಕೊಟ್ಟ ರೈತನೇ ಔಷಧಕ್ಕೂ ಹಣ ಕೊಟ್ಟು, ಕೊನೆಗೆ ಕೊಳೆತ ಕಾಯಿಯನ್ನು ಬಿಡಿಸುವ ಸ್ಥಿತಿ ಅನೇಕ ಕಡೆ ಬಂದೊದಗಿದೆ. ಹುಳುವು ವಿಷವನ್ನು ತಡೆದುಕೊಳ್ಳುವ ಶಕ್ತಿಯನ್ನು ಪಡೆದಿರುವುದೇ ಇದಕ್ಕೆ ಕಾರಣವು.

ಈ ಶಕ್ತಿ ಬಂದಮೇಲೆ ಮತ್ತೆ ಹೋಗುವುದುಂಟೆ? ಹುಳುವು ಇದನ್ನು ಪುಕ್ಕಟೆಯಾಗಿ ಪಡೆಯಿತೆ? ಈ ಪ್ರಶ್ನೆಗಳಿಗೆ ಶಾಸ್ತ್ರವು ಕೊಡುವ ಉತ್ತರವನ್ನು ಈ ಪಾಠದಲ್ಲಿ ವಿವರಿಸಲಾಗುವುದು. ಉತ್ತರವನ್ನು ತಿಳಿದ ರೈತನಿಗೆ, ಬೀಜದ ಚೀಲದೊಡನೆ ಬರುವ ಬಿ.ಟಿ. ಅಲ್ಲದ ಬೀಜವನ್ನು ಏಕೆ ಬಿತ್ತಬೇಕು, ಹತ್ತಿಯ ಹೊಲವನ್ನು ಡಿಸೆಂಬರಿನೊಳಗೆ ಏಕೆ ತೆರವು ಮಾಡಬೇಕು ಎಂಬುದು ತಾನಾಗಿಯೇ ಮನದಟ್ಟಾಗುವುದು.

1. ಹುಳುವಿನ ಜೀವನಕ್ರಮ

ಪತಂಗವು ಬೂದುಗಂದು ಬಣ್ಣದ ಚಿಕ್ಕ ಪ್ರಾಣಿ, ರಾತ್ರಿಯಲ್ಲಿ ಸಂಚರಿಸುತ್ತದೆ. ಹೆಣ್ಣು ಮೊಗ್ಗು, ಹೂ, ಎಳೆಗಾಯಿಗಳ ಮೇಲೆ ಮೊಟ್ಟೆಯಿಡುತ್ತದೆ. ಕೆಲವೇ ದಿವಸಗಳಲ್ಲಿ ಮೊಟ್ಟೆಯೊಡೆದು ಹೊರಬಿದ್ದ ಮರಿಹುಳುವು ಕೂಡಲೇ ಮೊಗ್ಗಿನೊಳಕ್ಕಾಗಲಿ ಕಾಯಿಯೊಳಕ್ಕಾಗಲಿ ಕೊರೆದು ಹೋಗುತ್ತದೆ. ಹುಳುವಿದ್ದ ಹೂವಿನ ದಳಗಳು ನೂಲಿನಿಂದ ಹೆಣೆದಂತಾಗಿ ಬಿಚ್ಚದೆ ಗುಲಾಬಿಯ ಮೊಗ್ಗಿನಂತೆ ಕಾಣುವುವು. ಕಾಯಿಯನ್ನು ಹೊಕ್ಕ ಹುಳುವು ಸುಮಾರು ಎರಡು ವಾರಗಳ ಕಾಲ ಆ ಒಂದೇ ಕಾಯಿಯಲ್ಲಿ ಬೀಜಗಳನ್ನು ತಿಂದು ಬೆಳೆಯುತ್ತದೆ. ಹೊರಗಿನಿಂದ ಕಾಯಿ ನೆಟ್ಟಗಿರುವುದರಿಂದ ರೈತನಿಗೆ ಅರಳೆ ಬಿಡಿಸುವವರೆಗೂ ಹಾನಿ ತಿಳಿಯುವುದಿಲ್ಲ.

ಇದರ ನಡವಳಿಕೆಯಲ್ಲಿ ಎರಡು ಸಂಗತಿಗಳನ್ನು ಮುಖ್ಯವಾಗಿ ನೆನಪಿನಲ್ಲಿಡಬೇಕು. ಮೊದಲನೆಯದು, ಹಸಿರು ಕಾಯಿಕೊರಕವು ತೊಗರಿ, ಕಡಲೆ, ಟೊಮ್ಯಾಟೊ ಮುಂತಾದ ಅನೇಕ ಬೆಳೆಗಳಲ್ಲಿ ಬಾಳುವಂತೆ ಇದು ಬಾಳಲಾರದು. ಬೆಂಡೆಯ ಜಾತಿಯ ಕೆಲವು ಗಿಡಗಳನ್ನು ಬಿಟ್ಟರೆ ಹತ್ತಿಯೇ ಇದರ ಅನ್ನ. ಎರಡನೆಯದು, ಹಂಗಾಮಿನ ಕೊನೆಯಲ್ಲಿ ಬೆಳೆದ ಹುಳುಗಳು ಕೋಶವಾಗದೆ, ಒಂದಕ್ಕೊಂದು ಅಂಟಿಸಿದ ಜೋಡಿಬೀಜಗಳೊಳಗೂ, ಗಿಡದಲ್ಲಿ ಉಳಿದ ಒಣಕಾಯಿಗಳೊಳಗೂ, ನೆಲದ ಕಸದಲ್ಲಿಯೂ ತಿಂಗಳುಗಟ್ಟಲೆ ನಿದ್ರಿಸುತ್ತವೆ. ಇದನ್ನು ಸುಪ್ತಾವಸ್ಥೆಯೆನ್ನುವರು. ಮುಂದಿನ ಬೆಳೆಗೆ ಹುಳುವಿನ ಬಿತ್ತನೆಯಾಗುವುದು ಇವುಗಳಿಂದಲೇ.

2. ವಿಷವೂ ಅದರ ನಿರೋಧವೂ

ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಸೂಕ್ಷ್ಮಜೀವಿಯ ವಂಶವಾಹಿಗಳನ್ನು ಹತ್ತಿಯ ಗಿಡದಲ್ಲಿ ಸೇರಿಸಿರುವುದರಿಂದ ಗಿಡವು ತಾನೇ ಕ್ರೈ 1ಎಸಿ, ಕ್ರೈ 2ಎಬಿ ಎಂಬ ವಿಷಪದಾರ್ಥಗಳನ್ನು ತಯಾರಿಸುತ್ತದೆ. ಹುಳುವು ಎಲೆಯನ್ನೋ ಕಾಯನ್ನೋ ತಿಂದಾಗ ಈ ವಿಷವು ಅದರ ಕರುಳಿನ ಒಳಗೋಡೆಯಲ್ಲಿರುವ ಕೆಲವು ಪದಾರ್ಥಗಳಿಗೆ ಅಂಟಿಕೊಂಡು ಕರುಳನ್ನು ತೂತುಮಾಡುತ್ತದೆ. ಕ್ರೈ 1ಎಸಿ ವಿಷವು ಹೀಗೆ ಅಂಟಿಕೊಳ್ಳುವ ಒಂದು ಪದಾರ್ಥಕ್ಕೆ ಕ್ಯಾಡ್‌ಹೆರಿನ್ ಎಂದು ಹೆಸರು. ಕ್ಯಾಡ್‌ಹೆರಿನನ್ನು ಬೀಗವೆಂದೂ ವಿಷವನ್ನು ಕೀಲಿಯೆಂದೂ ಭಾವಿಸಿದರೆ ವಿಷಯವು ಸುಲಭವಾಗಿ ತಿಳಿಯುವುದು. ಎಲ್ಲೋ ಒಂದು ಹುಳುವಿನ ವಂಶವಾಹಿ ಕೆಟ್ಟು ಬೀಗದ ಆಕಾರವು ಬದಲಾದರೆ, ಕೀಲಿ ಹೊಂದುವುದಿಲ್ಲ, ಹುಳುವು ಸಾಯುವುದಿಲ್ಲ. ಇದೇ ನಿರೋಧಶಕ್ತಿ.

ಪ್ರತಿಯೊಂದು ಹುಳುವಿಗೂ ವಂಶವಾಹಿಗಳು ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಜೋಡಿಯಾಗಿ ಬರುತ್ತವೆ. ಎರಡೂ ನಿರೋಧದವಾದರೆ ಅಂಥ ಹುಳುವನ್ನು ಜೋಡಿ ನಿರೋಧಿಯೆಂದೂ, ಒಂದು ಮಾತ್ರ ನಿರೋಧದ್ದಾದರೆ ಬೆರಕೆಯೆಂದೂ, ಎರಡೂ ಅಲ್ಲದಿದ್ದರೆ ಸಾಮಾನ್ಯವೆಂದೂ ಇಲ್ಲಿ ಕರೆಯೋಣ. ಗುಲಾಬಿ ಕಾಯಿಕೊರಕದಲ್ಲಿ ಕ್ರೈ 1ಎಸಿಗೆ ನಿರೋಧವನ್ನು ಕೊಡುವ ವಂಶವಾಹಿಯು ಅಡಗುಗುಣವುಳ್ಳದ್ದು, ಎಂದರೆ ಬಿ.ಟಿ. ಗಿಡವನ್ನು ತಿಂದ ಬೆರಕೆ ಹುಳುವೂ ಸಾಯುತ್ತದೆ, ಜೋಡಿ ನಿರೋಧಿಯೊಂದೇ ಬದುಕುತ್ತದೆ.

ನಿರೋಧದ ವಂಶವಾಹಿಯು ಸಾವಿರಕ್ಕೆ ಒಂದರಂತೆ ಇದೆಯೆಂದು ಎಣಿಸಿದರೆ, 10 ಲಕ್ಷ ಹುಳುಗಳಲ್ಲಿ ಜೋಡಿ ನಿರೋಧಿ 1, ಬೆರಕೆ 1,998, ಸಾಮಾನ್ಯ 9,98,001 ಇರುವುವು. ಆ ಒಂದು ಜೋಡಿ ನಿರೋಧಿಗೆ ಸುತ್ತಲೂ ಸಾಮಾನ್ಯ ಪತಂಗಗಳೇ ಜೊತೆಗೆ ದೊರೆತರೆ, ಮಕ್ಕಳೆಲ್ಲ ಬೆರಕೆಯಾಗಿ ಹುಟ್ಟಿ ಬಿ.ಟಿ. ಹೊಲದಲ್ಲಿ ಸಾಯುವುವು. ಸುತ್ತಲೂ ಬಿ.ಟಿ. ಹತ್ತಿಯೊಂದೇ ಇದ್ದು ಸಾಮಾನ್ಯ ಪತಂಗಗಳು ಅಳಿದುಹೋಗಿದ್ದರೆ, ಉಳಿದ ನಿರೋಧಿಗಳು ತಮ್ಮತಮ್ಮಲ್ಲೇ ಕೂಡಿ, ಹುಟ್ಟಿದ್ದೆಲ್ಲ ನಿರೋಧಿಯಾಗುವುದು. ಸಾಮಾನ್ಯ ಪತಂಗಗಳನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಬಿ.ಟಿ. ಅಲ್ಲದ ಹತ್ತಿಯ ಆಶ್ರಯ ಬೆಳೆಯನ್ನು ವಿಧಿಸಿರುವುದು.

3. ನಿರೋಧದ ಬೆಲೆ

ಆಶ್ರಯ ಬೆಳೆಗೆ ಇನ್ನೊಂದು ಉಪಯೋಗವಿದೆ. ಅದು ರೈತರಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಕರುಳಿನ ಬೀಗವು ವಿಷಕ್ಕಾಗಿ ಹುಟ್ಟಿದುದಲ್ಲ. ಹುಳುವಿನ ಶರೀರದಲ್ಲಿ ಅದಕ್ಕೆ ಸ್ವಂತ ಕೆಲಸವುಂಟು. ಅದು ವಿಕಾರಗೊಂಡರೆ ಆ ಕೆಲಸಕ್ಕೂ ಭಂಗ ಬರುವ ಸಂಭವವಿದೆ. ಆದುದರಿಂದ ವಿಷವಿಲ್ಲದ ಗಿಡದ ಮೇಲೆ ನಿರೋಧಿ ಹುಳುವನ್ನೂ ಸಾಮಾನ್ಯ ಹುಳುವನ್ನೂ ಬಿಟ್ಟು ನೋಡಿದರೆ, ನಿರೋಧಿಯು ಹಿಂದೆ ಬೀಳುವುದು ಅನೇಕ ವೇಳೆ ಕಂಡುಬರುತ್ತದೆ. ಈ ಹಿನ್ನಡೆಯನ್ನೇ ನಿರೋಧದ ಬೆಲೆಯೆನ್ನುವುದು.

ಈ ವಿಚಾರದಲ್ಲಿ ಅಮೆರಿಕದ ಅರಿಜೋನ ವಿಶ್ವವಿದ್ಯಾನಿಲಯದ ಟಬಾಷ್ನಿಕ್, ಕ್ಯಾರಿಯೇರ್ ಮತ್ತು ಅವರ ಸಂಗಡಿಗರು ಗುಲಾಬಿ ಕಾಯಿಕೊರಕವನ್ನೇ ತೆಗೆದುಕೊಂಡು ಬಹಳ ಕಾಲ ಪರಿಶೋಧನೆಗಳನ್ನು ನಡೆಸಿದ್ದಾರೆ. ಅವರು ಪ್ರಯೋಗಶಾಲೆಯಲ್ಲಿ ಆರಿಸಿ ಬೆಳೆಸಿದ ನಿರೋಧಿ ಹುಳುಗಳಲ್ಲಿ ಕಂಡ ಸಂಗತಿಗಳು ಹೀಗಿವೆ:

(ಅ) ಬಿ.ಟಿ. ಅಲ್ಲದ ಹತ್ತಿಯ ಮೇಲೆ ನಿರೋಧಿ ಮರಿಹುಳುಗಳು ಬದುಕಿ ಬರುವ ಪ್ರಮಾಣವು ಸಾಮಾನ್ಯ ಹುಳುಗಳದಕ್ಕಿಂತ ಸರಾಸರಿ ಅರ್ಧದಷ್ಟು ಕಡಿಮೆಯಾಗಿತ್ತು.

(ಆ) ಚಳಿಗಾಲದ ಸುಪ್ತಾವಸ್ಥೆಯನ್ನು ದಾಟಿ ಪತಂಗವಾಗಿ ಹೊರಬರುವುದರಲ್ಲಿಯೂ ನಿರೋಧಿಗಳು ಬಹಳ ಹಿಂದೆ ಬಿದ್ದುವು.

(ಇ) ಒಂದೇ ಹೆಣ್ಣನ್ನು ನಿರೋಧಿ ಗಂಡೂ ಸಾಮಾನ್ಯ ಗಂಡೂ ಕೂಡಿದಾಗ ಮಕ್ಕಳ ಪಾಲಿನಲ್ಲಿ ನಿರೋಧಿ ಗಂಡಿಗೆ ನಷ್ಟವುಂಟಾಗುವುದು ಕಂಡುಬಂದಿತು.

(ಈ) ಹತ್ತಿಯ ಗಿಡದಲ್ಲಿ ಸ್ವಾಭಾವಿಕವಾಗಿರುವ ಗಾಸಿಪಾಲ್ ಎಂಬ ಪದಾರ್ಥವು ಆಹಾರದಲ್ಲಿ ಹೆಚ್ಚಿದಾಗ ನಿರೋಧಿಗಳು ತೆರುವ ಬೆಲೆಯೂ ಹೆಚ್ಚಿತು. ಕೀಟಗಳನ್ನು ಕೊಲ್ಲುವ ಒಂದು ಜಾತಿಯ ಮಣ್ಣಿನ ಜಂತುಹುಳುವಿನ ಸಂಗಡವಿಟ್ಟಾಗಲೂ ಹಾಗೆಯೇ ಆಯಿತು.

(ಉ) ನಿರೋಧವು ಪೂರ್ಣವಾದುದಲ್ಲ. ಜೋಡಿ ನಿರೋಧಿಯು ಬಿ.ಟಿ. ಗಿಡದ ಮೇಲೆ ಬದುಕುವುದಾದರೂ, ಅದೇ ಹುಳುವು ಬಿ.ಟಿ. ಅಲ್ಲದ ಗಿಡದ ಮೇಲೆ ಬದುಕುವಷ್ಟು ಚೆನ್ನಾಗಿ ಅಲ್ಲ.

ಈ ಬೆಲೆಯನ್ನು ಬಹುಮಟ್ಟಿಗೆ ಜೋಡಿ ನಿರೋಧಿಗಳೇ ತೆರುತ್ತವೆ. ಬೆರಕೆ ಹುಳುಗಳು ಸಾಮಾನ್ಯ ಹುಳುಗಳಂತೆಯೇ ಬಾಳುತ್ತವೆ. ಇದರಿಂದ ಒಂದು ತೊಡಕುಂಟು. ಮೇಲೆ ಎಣಿಸಿದ 10 ಲಕ್ಷ ಹುಳುಗಳಲ್ಲಿ ನಿರೋಧದ ವಂಶವಾಹಿಗಳು ಒಟ್ಟು 2,000. ಅವುಗಳಲ್ಲಿ 1,998 ಬೆರಕೆಗಳಲ್ಲಿ ಅಡಗಿವೆ. ಹೀಗೆ ಅಡಗಿದವುಗಳಿಂದ ಬೆಲೆಯನ್ನು ವಸೂಲು ಮಾಡಲಾಗದು. ಆದಕಾರಣ ನಿರೋಧವು ಹೆಚ್ಚಾಗಿ ಹರಡಿರುವಾಗ ಬೆಲೆಯು ಅದನ್ನು ಬೇಗನೆ ಇಳಿಸುವುದಾದರೂ, ಅಪರೂಪವಾದಮೇಲೆ ಬಲು ನಿಧಾನವಾಗಿ ಇಳಿಸುತ್ತದೆ, ಪೂರ್ಣವಾಗಿ ಅಳಿಸಲಾರದು. ಇದಲ್ಲದೆ ನಿರೋಧದ ಎಲ್ಲ ವಂಶವಾಹಿಗಳಿಗೂ ಬೆಲೆಯು ಒಂದೇ ಸಮನಾಗಿರುವುದಿಲ್ಲ. ಭಾರತದ ಹೊಲಗಳಿಂದ ತಂದ ನಿರೋಧಿ ಹುಳುಗಳಲ್ಲಿ ಕ್ಯಾಡ್‌ಹೆರಿನ್ ವಂಶವಾಹಿಯು ಅಮೆರಿಕದವುಗಳಿಗಿಂತ ಬೇರೆಯಾದ ಅನೇಕ ವಿಧಗಳಲ್ಲಿ ಕೆಟ್ಟಿರುವುದನ್ನು 2014ರಲ್ಲಿ ಪ್ರಕಟಪಡಿಸಲಾಯಿತು. ಕ್ರೈ 2ಎಬಿಯ ನಿರೋಧಕ್ಕೆ ಕಾರಣವಾದುದು ಬೇರೊಂದು ವಂಶವಾಹಿ. ಆದುದರಿಂದ ಬೆಲೆಯ ಮೇಲೆಯೇ ಭಾರ ಹಾಕಿ ಕೈಕಟ್ಟಿ ಕುಳಿತಿರುವುದು ಸಲ್ಲದು.

4. ಬೆಲೆಯನ್ನು ವಸೂಲು ಮಾಡುವ ಲೆಕ್ಕ

ಹುಳುವು ಬೆಲೆಯನ್ನು ತೆರುವುದು ವಿಷವಿಲ್ಲದ ಗಿಡದ ಮೇಲೆಯೂ, ಹತ್ತಿಯಿಲ್ಲದ ಕಾಲದಲ್ಲಿಯೂ ಎಂಬುದು ಮೇಲಿನ ವಿವರಗಳಿಂದ ಸ್ಪಷ್ಟವಾಗುವುದು. ಇದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಇದು ತಿಳಿವಳಿಕೆಗಾಗಿ ಕಲ್ಪಿಸಿದ ಲೆಕ್ಕವೇ ಹೊರತು ಯಾವುದೋ ಹೊಲದಲ್ಲಿ ಅಳೆದುದಲ್ಲ.

ನಿರೋಧದ ವಂಶವಾಹಿಯು ನೂರಕ್ಕೆ 10ರಂತೆ ಇರುವ 2,000 ಹುಳುಗಳನ್ನು ತೆಗೆದುಕೊಳ್ಳೋಣ. ಅವುಗಳಲ್ಲಿ ಜೋಡಿ ನಿರೋಧಿ 20, ಬೆರಕೆ 360, ಸಾಮಾನ್ಯ 1,620. ಬಿ.ಟಿ. ಗಿಡದ ಮೇಲೆ ಬೆರಕೆ ಮತ್ತು ಸಾಮಾನ್ಯ ಹುಳುಗಳೆಲ್ಲ ಸಾಯುವುವೆಂದೂ, ಉಳಿದ ಪತಂಗಗಳು ಊರೆಲ್ಲ ಸರಿಯಾಗಿ ಬೆರೆತು ಕೂಡುವುವೆಂದೂ ಇಟ್ಟುಕೊಳ್ಳೋಣ.

ಮೊದಲನೆಯ ಊರಿನಲ್ಲಿ ಎಲ್ಲವೂ ಬಿ.ಟಿ. ಹತ್ತಿ. ಜೋಡಿ ನಿರೋಧಿಗಳಷ್ಟೇ ಉಳಿಯುವುವು. ಒಂದೇ ತಲೆಮಾರಿನಲ್ಲಿ ನಿರೋಧವು ನೂರಕ್ಕೆ ನೂರಾಯಿತು.

ಎರಡನೆಯ ಊರಿನಲ್ಲಿ ಐದರಲ್ಲಿ ಒಂದು ಪಾಲು ಆಶ್ರಯ ಬೆಳೆ. ಎಂದರೆ ಎಕರೆಗೆ 8 ಗುಂಟೆ. ನಿರೋಧಕ್ಕೆ ಬೆಲೆಯೇ ಇಲ್ಲವೆಂದು ಭಾವಿಸೋಣ. ಬಿ.ಟಿ. ಭಾಗದಲ್ಲಿ 16 ಜೋಡಿ ನಿರೋಧಿಗಳೂ, ಆಶ್ರಯದಲ್ಲಿ 4 ಜೋಡಿ ನಿರೋಧಿ, 72 ಬೆರಕೆ, 324 ಸಾಮಾನ್ಯ ಹುಳುಗಳೂ ಉಳಿಯುವುವು. ನಿರೋಧವು ನೂರಕ್ಕೆ ಸುಮಾರು 13½ ಆಗುವುದು.

ಮೂರನೆಯ ಊರಿನಲ್ಲಿಯೂ ಆಶ್ರಯವು ಅಷ್ಟೇ. ಆದರೆ ಜೋಡಿ ನಿರೋಧಿಗಳು ಆಶ್ರಯದಲ್ಲಿ ಬೆಲೆ ತೆತ್ತು ಅರ್ಧ ಸಾಯುವುವು, ಬಿ.ಟಿ. ಭಾಗದಲ್ಲಿಯೂ ನಿರೋಧದ ಅಪೂರ್ಣತೆಯಿಂದ ಅರ್ಧ ಸಾಯುವುವು. ಆಗ ಉಳಿಯುವ ಜೋಡಿ ನಿರೋಧಿಗಳು 10. ನಿರೋಧವು ನೂರಕ್ಕೆ 11ಕ್ಕಿಂತ ಸ್ವಲ್ಪ ಹೆಚ್ಚಾಗುವುದು.

ನಾಲ್ಕನೆಯ ಊರಿನಲ್ಲಿ ಅರ್ಧ ಹತ್ತಿಯು ಬಿ.ಟಿ. ಅಲ್ಲದ್ದು, ಉಳಿದ ನಿಯಮಗಳು ಮೂರನೆಯ ಊರಿನಂತೆ. ಜೋಡಿ ನಿರೋಧಿಗಳು ಎರಡು ಭಾಗಗಳಲ್ಲಿಯೂ ಐದೈದರಂತೆ 10, ಬೆರಕೆ 180, ಸಾಮಾನ್ಯ 810 ಉಳಿಯುವುವು. ನಿರೋಧವು ನೂರಕ್ಕೆ 10; ಮೊದಲು ಎಷ್ಟಿತ್ತೋ ಅಷ್ಟೇ.

ಇದರಿಂದ ತಿಳಿಯತಕ್ಕುದೇನೆಂದರೆ, ಹುಳುವಿನ ಮೇಲೆ ಬಿದ್ದ ಬೆಲೆಯು ಆಶ್ರಯವು ದೊಡ್ಡದಾದಷ್ಟೂ ರೈತನಿಗೆ ಅನುಕೂಲವಾಗಿ ಕೆಲಸ ಮಾಡುವುದು. ಆಶ್ರಯವಿಲ್ಲದ ಕಡೆ ಬೆಲೆಯಿದ್ದರೂ ಇಲ್ಲದಂತೆಯೇ. ಅರ್ಧ ಹೊಲವನ್ನು ಆಶ್ರಯಕ್ಕೆ ಬಿಡಿರೆಂದು ಇಲ್ಲಿ ಹೇಳುತ್ತಿಲ್ಲ. ಹತ್ತಿಯೇ ಇಲ್ಲದ ನಾಲ್ಕೈದು ತಿಂಗಳುಗಳೂ ಈ ಲೆಕ್ಕದಲ್ಲಿ ರೈತನ ಕಡೆಗೇ ಸೇರುವುವೆಂಬುದನ್ನು ಮರೆಯಬಾರದು.

5. ಮೂರು ದೇಶಗಳ ಅನುಭವ

ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನದಲ್ಲಿ ಬಿ.ಟಿ. ಹತ್ತಿಯು 1996ರಲ್ಲಿ ಬಂದಿತು. ಮರುವರ್ಷ ಹಿಡಿದ ಹುಳುಗಳಲ್ಲಿ ನಿರೋಧದ ವಂಶವಾಹಿಯು ಯಾರೂ ನಿರೀಕ್ಷಿಸದಷ್ಟು, ಎಂದರೆ ನೂರಕ್ಕೆ ಸುಮಾರು 16ರಂತೆ, ಇರುವುದಾಗಿ ಅಂದಾಜು ಮಾಡಲಾಯಿತು. ಆದರೂ ಮುಂದಿನ ವರ್ಷಗಳಲ್ಲಿ ಅದು ಏರಲಿಲ್ಲ. ಅಲ್ಲಿನ ರೈತರು ಆಶ್ರಯ ಬೆಳೆಯನ್ನು ಸಾಕಷ್ಟು ಬೆಳೆದುದೂ, ನಿರೋಧದ ಅಡಗುಗುಣವೂ, ಅದರ ಬೆಲೆಯೂ ಕೂಡಿ ಇದಕ್ಕೆ ಕಾರಣವಾದುವೆಂದು ಪಂಡಿತರು ಹೇಳುತ್ತಾರೆ. 2006ರಿಂದ ಬಂಜೆಯಾಗಿಸಿದ ಪತಂಗಗಳನ್ನು ಕೋಟಿಗಟ್ಟಲೆ ಹೊಲಗಳ ಮೇಲೆ ಬಿಟ್ಟು, ಬಿ.ಟಿ. ಹತ್ತಿ, ಮೋಹಕ ಪದಾರ್ಥ, ಉಳುಮೆ ಇವೆಲ್ಲವನ್ನೂ ಒಟ್ಟಿಗೆ ಪ್ರಯೋಗಿಸಿ, 2018ರಲ್ಲಿ ಆ ದೇಶದ ಹತ್ತಿ ಸೀಮೆಗಳಿಂದ ಈ ಹುಳುವು ನಿರ್ಮೂಲವಾಯಿತೆಂದು ಸಾರಲಾಯಿತು.

ಚೀನಾ ದೇಶದ ಯಾಂಗ್ಟ್ಸೆ ನದಿಯ ಬಯಲಿನಲ್ಲಿ ಕ್ರೈ 1ಎಸಿಗೆ ನಿರೋಧವು 2010ರವರೆಗೆ ಮೆಲ್ಲಗೆ ಏರುತ್ತಿದ್ದುದು, ಅನಂತರ 2015ರವರೆಗೆ ಇಳಿಯಿತು. ಅಲ್ಲಿನ ರೈತರು ಸಂಕರ ಬೀಜದ ಎರಡನೆಯ ಪೀಳಿಗೆಯನ್ನು ಬಿತ್ತಿದುದರಿಂದ, ನಾಲ್ಕು ಗಿಡಗಳಲ್ಲಿ ಒಂದು ಬಿ.ಟಿ. ಅಲ್ಲದ್ದಾಗಿ ಹೊಲದ ತುಂಬ ತಾನಾಗಿಯೇ ಆಶ್ರಯವು ಹರಡಿಕೊಂಡಿತು. ನಿರೋಧವು ಎಳೆಯದಾಗಿದ್ದಾಗಲೇ ಹೀಗಾದುದರಿಂದ ಅದು ಹಿಂದಕ್ಕೆ ತಿರುಗಿತು.

ನಮ್ಮ ದೇಶದಲ್ಲಿ 2002ರಿಂದಲೇ ಹೊಲದ ಸುತ್ತ ಐದು ಸಾಲುಗಳಾಗಲಿ, ಒಟ್ಟು ಹತ್ತಿಯ ಐದನೆಯ ಒಂದು ಪಾಲಾಗಲಿ, ಯಾವುದು ಹೆಚ್ಚೋ ಅಷ್ಟು ಆಶ್ರಯ ಬೆಳೆಯಿರಬೇಕೆಂದು ವಿಧಿಸಿತ್ತು. ಆ ಬೀಜವನ್ನು ಬೇರೆ ಪೊಟ್ಟಣದಲ್ಲಿ ಕೊಟ್ಟರೂ ಬಹುಮಂದಿ ಬಿತ್ತಲಿಲ್ಲ. ಹತ್ತಿಯ ಭೂಮಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಬಿ.ಟಿ.ಯಾಯಿತು. ಗುಜರಾತಿನ ಅಮ್ರೇಲಿ ಪ್ರಾಂತದಲ್ಲಿ 2008ರಲ್ಲಿ ಹಿಡಿದ ಹುಳುಗಳಲ್ಲಿ ಕ್ರೈ 1ಎಸಿಗೆ ನಿರೋಧವಿರುವುದು ಗೊತ್ತಾಯಿತು. ಒಂದನೆಯ ವಿಷವು ಹೀಗೆ ಸೋತಮೇಲೆ ಎರಡನೆಯದೊಂದೇ ಭಾರ ಹೊರಬೇಕಾಯಿತು. ಕೆಲವೇ ವರ್ಷಗಳಲ್ಲಿ ಅದನ್ನೂ ಹುಳುವು ಗೆದ್ದು ಮಧ್ಯ ಹಾಗೂ ದಕ್ಷಿಣ ಭಾರತದಲ್ಲಿ ಹರಡಿತು. 2017ರಲ್ಲಿ ಮಹಾರಾಷ್ಟ್ರದಲ್ಲಿ ಉಂಟಾದ ನಷ್ಟವನ್ನು ಅನೇಕರು ಬಲ್ಲರು. 2021ರಲ್ಲಿ ಪಂಜಾಬಿನ ಭಟಿಂಡದ ಕಡೆಯೂ ಹಾವಳಿಯಾಯಿತು.

ಹಸಿರು ಕಾಯಿಕೊರಕಕ್ಕೆ ತೊಗರಿಯೂ ಕಡಲೆಯೂ ಸ್ವಾಭಾವಿಕ ಆಶ್ರಯಗಳಾಗಿರುವುದನ್ನು ಇಲ್ಲಿ ಹೋಲಿಸಿ ನೋಡಬೇಕು. ಗುಲಾಬಿ ಕಾಯಿಕೊರಕಕ್ಕೆ ಹತ್ತಿಯೇ ಗತಿಯಾದುದರಿಂದ, ರೈತನು ಬಿತ್ತಿದರೆ ಉಂಟು, ಬಿತ್ತದಿದ್ದರೆ ಅದಕ್ಕೆ ಆಶ್ರಯವೇ ಇಲ್ಲ. ಇದರ ಮೇಲೆ, ಆರು ತಿಂಗಳಿಗೂ ಮೀರಿ ನಿಲ್ಲುವ ಸಂಕರ ತಳಿಗಳೂ, ನೀರಿನ ಅನುಕೂಲವಿದ್ದಲ್ಲಿ ಬೇಸಗೆಯವರೆಗೆ ಹತ್ತಿಯನ್ನು ಉಳಿಸಿಕೊಳ್ಳುವ ರೂಢಿಯೂ ಹುಳುವನ್ನು ನಿದ್ರೆಗೆ ಬೀಳದಂತೆ ಸಾಕಿದುವು. ಹಂಗಾಮಿನ ಮಧ್ಯದಲ್ಲಿ ತೆರಬೇಕಾದ ಬೆಲೆಯನ್ನು ಆಶ್ರಯವಿಲ್ಲದೆ ಬಿಟ್ಟುಕೊಟ್ಟಂತಾಯಿತು. ಹಂಗಾಮಿನ ಕೊನೆಯಲ್ಲಿ ತೆರಬೇಕಾದುದನ್ನು ಬೆಳೆ ಮುಂದುವರಿಸಿ ಬಿಟ್ಟುಕೊಟ್ಟಂತಾಯಿತು.

6. ರೈತರ ಎರಡು ಆಕ್ಷೇಪಣೆಗಳು

“ಆಶ್ರಯದ ಗಿಡಗಳನ್ನು ಹುಳು ತಿಂದರೆ ನಷ್ಟ ಯಾರಿಗೆ?” ಎಂದು ಹಳ್ಳಿಗಳಲ್ಲಿ ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆ ಗಿಡಗಳಲ್ಲಿ ಕೆಲವು ಕಾಯಿಗಳು ಹೋಗುವುವು. ಹಾನಿಯು ಮಿತಿಮೀರಿದಾಗ ಆ ಸಾಲುಗಳಿಗೂ ಔಷಧವನ್ನು ಹೊಡೆಯಬಹುದು, ಬಿ.ಟಿ. ಪುಡಿಯನ್ನು ಮಾತ್ರ ಹೊಡೆಯಕೂಡದು, ಹೊಡೆದರೆ ಆಶ್ರಯವು ಆಶ್ರಯವಾಗಿ ಉಳಿಯದು. ಆಶ್ರಯವಿಲ್ಲದೆ ನಿರೋಧಿಗಳು ತುಂಬಿದ ಹೊಲದಲ್ಲಿ ಉಳಿದ ನಾಲ್ಕು ಪಾಲಿಗೂ ರಕ್ಷಣೆಯಿಲ್ಲವೆಂಬುದನ್ನು ಇದರ ಎದುರಿಗೆ ಇಟ್ಟು ತೂಗಿ ನೋಡಬೇಕು.

“ನಾನೊಬ್ಬನು ಮಾಡಿದರೆ ಏನಾಗುವುದು?” ಎಂಬುದು ಎರಡನೆಯದು. ಪತಂಗಕ್ಕೆ ಹೊಲದ ಬದುವೂ ಇಲ್ಲ, ಸರ್ವೆ ನಂಬರೂ ಇಲ್ಲ. ಒಬ್ಬನ ಹೊಲದಲ್ಲಿ ಉಳಿದ ಒಣಕಾಯಿಯಿಂದ ಹತ್ತಾರು ಹೊಲಗಳಿಗೆ ಹುಳುವಾಗುವುದು. ಒಬ್ಬನ ಆಶ್ರಯದಿಂದ ಹೊರಟ ಸಾಮಾನ್ಯ ಪತಂಗವೂ ಹಾಗೆಯೇ ನೆರೆಯವನ ಹೊಲದ ನಿರೋಧಿಯೊಡನೆ ಕೂಡುವುದು. ಕೆರೆಯ ಹೂಳನ್ನು ಊರೆಲ್ಲ ಸೇರಿ ಎತ್ತುವಂತೆ ಈ ಕೆಲಸವನ್ನೂ ಊರು ಒಟ್ಟಾಗಿ ಮಾಡತಕ್ಕದ್ದು.

7. ಮಾಡತಕ್ಕ ಕೆಲಸಗಳು

(1) ಬಿ.ಟಿ. ಅಲ್ಲದ ಬೀಜವನ್ನು ತಪ್ಪದೆ ಬಿತ್ತಬೇಕು. ಚೀಲದಲ್ಲಿಯೇ ಬೆರೆಸಿ ಕೊಟ್ಟಿದ್ದರೆ ಅದನ್ನು ಆರಿಸಿ ತೆಗೆಯದೆ ಹಾಗೆಯೇ ಬಿತ್ತಬೇಕು. ಈ ಹುಳುವು ಒಂದೇ ಕಾಯಿಯಲ್ಲಿ ಬೆಳೆಯುವುದರಿಂದ ಬೆರೆತ ಬಿತ್ತನೆಯೂ ಇದಕ್ಕೆ ಹೊಂದುತ್ತದೆ. ಬೇರೆಯಾಗಿ ಬಿತ್ತುವವರು ಅದೇ ದಿವಸ, ಅದೇ ಕಾಲಕ್ಕೆ ಹೂಬಿಡುವ ತಳಿಯನ್ನು ಬಿತ್ತಿ, ಗೊಬ್ಬರ ನೀರುಗಳನ್ನು ಸಮನಾಗಿ ಕೊಡಬೇಕು. ಈ ಹುಳುವಿಗೆ ತೊಗರಿಯ ಸಾಲುಗಳು ಆಶ್ರಯವಾಗಲಾರವು.

(2) ಮುಂಗಾರು ಹದವಾದಮೇಲೆ ಊರಿನವರೆಲ್ಲ ಹೆಚ್ಚು ಅಂತರವಿಲ್ಲದೆ ಬಿತ್ತಬೇಕು; ಬೇಸಗೆಯಲ್ಲಿಯೇ ಬಿತ್ತುವುದನ್ನು ಬಿಡಬೇಕು. ಬೇಗ ಕೊಯ್ಲಿಗೆ ಬರುವ ತಳಿಗಳನ್ನು ಆರಿಸಬೇಕು.

(3) ಎಕರೆಗೆ ಎರಡರಂತೆ ಮೋಹಕ ಬಲೆಗಳನ್ನು ಕಟ್ಟಿ ದಿನವೂ ಎಣಿಸಬೇಕು. ಒಂದು ಬಲೆಗೆ ರಾತ್ರಿಗೆ 8 ಪತಂಗಗಳಂತೆ ಮೂರು ರಾತ್ರಿ ಸತತವಾಗಿ ಬಿದ್ದರೆ ಎಚ್ಚರಗೊಳ್ಳಬೇಕು. ಅಲ್ಲಲ್ಲಿ 20 ಹಸಿರುಕಾಯಿಗಳನ್ನು ಕಿತ್ತು ಸೀಳಿ ನೋಡಿ, ಎರಡರಲ್ಲಿ ಹುಳುವಿದ್ದರೆ ಇಲಾಖೆಯವರ ಸಲಹೆಯಂತೆ ಔಷಧವನ್ನು ಹೊಡೆಯಬೇಕು.

(4) ಗುಲಾಬಿಯಂತೆ ಮುಚ್ಚಿಕೊಂಡ ಹೂಗಳನ್ನು ಕಂಡಕಂಡಲ್ಲಿ ಕಿತ್ತು ನಾಶಪಡಿಸಬೇಕು.

(5) ಡಿಸೆಂಬರು ಮುಗಿಯುವುದರೊಳಗೆ ಬೆಳೆಯನ್ನು ಮುಗಿಸಬೇಕು. ಮತ್ತೆ ನೀರು ಹಾಯಿಸಿ ಕೊನೆಯ ನಾಲ್ಕು ಕಾಯಿಗಳಿಗೆ ಆಸೆಪಡಬಾರದು. ಉಳಿದ ಕಾಯಿಗಳನ್ನು ಕುರಿಮೇಕೆಗಳಿಂದ ಮೇಯಿಸಿ, ಗಿಡಗಳನ್ನು ಕಿತ್ತು ತುಂಡರಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಹತ್ತಿ ಕಟ್ಟಿಗೆಯನ್ನು ಸೌದೆಗೆಂದು ಮನೆಯ ಹಿತ್ತಿಲಲ್ಲಿ ಒಟ್ಟಿಡುವುದು ಹುಳುವಿಗೆ ಮನೆ ಕಟ್ಟಿಕೊಟ್ಟಂತೆ.

(6) ಜಿನ್ನಿಂಗ್ ಕಾರ್ಖಾನೆಗಳ ಸುತ್ತಲೂ ಬಲೆಗಳನ್ನು ಕಟ್ಟಿಸಿ, ಹುಳುಕು ಬೀಜವನ್ನು ಕೂಡಲೇ ತೆಗೆಯಿಸಬೇಕು.

(7) ಬೇಸಗೆಯಲ್ಲಿ ಆಳವಾಗಿ ಉತ್ತು, ಮರುವರ್ಷ ಸಾಧ್ಯವಾದಲ್ಲಿ ಜೋಳ, ಕಡಲೆ ಮುಂತಾದ ಬೇರೆ ಬೆಳೆಯನ್ನು ಇಡಬೇಕು.

ನಿರೋಧವು ಈಗಾಗಲೇ ಹೆಚ್ಚಾಗಿರುವ ಸೀಮೆಗಳಲ್ಲಿ ಈ ಕ್ರಮಗಳಿಂದ ಒಂದೇ ವರ್ಷದಲ್ಲಿ ಹಳೆಯ ಸ್ಥಿತಿ ಬರಲಾರದು. ಆದರೆ ಹುಳುವಿನ ಸಂಖ್ಯೆ ತಗ್ಗುವುದು ಮೊದಲನೆಯ ವರ್ಷದಿಂದಲೇ ಕಾಣುವ ಲಾಭ. ನಿರೋಧದ ಏರಿಕೆ ತಗ್ಗುವುದು ತಡವಾಗಿ ಬರುವ ಲಾಭ. ಮುಂದೆ ಹೊಸ ವಿಷವುಳ್ಳ ಯಾವ ತಳಿ ಬಂದರೂ ಅದರ ಆಯುಷ್ಯವು ಈ ನಡವಳಿಕೆಯನ್ನೇ ಅವಲಂಬಿಸಿರುವುದು. ಆದುದರಿಂದ ರೈತಬಾಂಧವರು ಆಶ್ರಯದ ಬೀಜವನ್ನು ಬದುವಿನ ಮೇಲೆ ಚೆಲ್ಲದೆ ಬಿತ್ತಿ, ಹತ್ತಿಯ ಹೊಲವನ್ನು ಕಾಲಕ್ಕೆ ಸರಿಯಾಗಿ ತೆರವು ಮಾಡಿ, ಹುಳುವು ತೆರಬೇಕಾದ ಬೆಲೆಯನ್ನು ಹುಳುವಿನಿಂದಲೇ ತೆರಿಸಬೇಕಾಗಿ ಕೋರಲಾಗಿದೆ.